ಭಾನುವಾರ ಪಂಚಾಯ್ತಿಯಲ್ಲಿ ತಂಗಿಯ ಸಹಿ ಕೇಳ್ತಿದ್ದಾರೆ, ಹಾಕಿಸಬಹುದಾ?

ತಿಪಟೂರು_ತೋಟದವ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ವಿಷಯ ಬರೀತಿದ್ದೀನಿ. ಕಾನೂನು ಗೊತ್ತಿರೋರು ದಯವಿಟ್ಟು ಸ್ವಲ್ಪ ಸಮಯ ಕೊಟ್ಟು ಓದಿ.

ತಂಗಿಯ ಮದುವೆ ಆದದ್ದು 2017ರಲ್ಲಿ, ತಿಪಟೂರಿನ ಛತ್ರದಲ್ಲಿ. ಭಾವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಮಗಳಿಗೆ ಆರು ವರ್ಷ ತುಂಬಿದೆ, ಒಂದನೇ ಕ್ಲಾಸು. ತಂಗಿ, ಮಗು ಇಬ್ಬರೂ ನಮ್ಮ ಮನೆಗೆ ಬಂದು ಹತ್ತಿರ ಹತ್ತಿರ ಎರಡು ವರ್ಷ. ಭಾವ ಕುಡಿಯೋದಿಲ್ಲ, ಕೈ ಎತ್ತಿದವರಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆದರೆ ಮನೆ ಖರ್ಚಿಗೆ ದುಡ್ಡು ಕೊಡ್ತಿರಲಿಲ್ಲ, ತಿಂಗಳುಗಟ್ಟಲೆ ಮಾತು ಬಿಟ್ಟಿರ್ತಿದ್ದರು. ಕೊನೆಗೆ ಅವರೇ ಯಶವಂತಪುರದಲ್ಲಿ ಇಬ್ಬರನ್ನೂ ರೈಲು ಹತ್ತಿಸಿ ಕಳಿಸಿದರು. ಆಮೇಲೆ ಒಂದು ರೂಪಾಯಿ ಬಂದಿಲ್ಲ.

ಈಗ ಅವರ ಕಡೆಯ ಹಿರಿಯರು, ನಮ್ಮ ಕಡೆಯ ಒಬ್ಬಿಬ್ಬರು ಸೇರಿ "ಕೋರ್ಟು ಕಚೇರಿ ಅಲೆಯೋದು ಯಾಕೆ, ಊರಲ್ಲೇ ಬಗೆಹರಿಸೋಣ" ಅಂತ ಭಾನುವಾರ ಕೂರಿಸ್ತಿದ್ದಾರೆ. ಛಾಪಾ ಕಾಗದದಲ್ಲಿ ಏನು ಬರೆಸ್ತಾರೆ ಅಂತ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಅದರಲ್ಲಿರೋದು ಹೀಗೆ:

"ಉಭಯ ಪಕ್ಷದವರು ಸ್ವಇಚ್ಛೆಯಿಂದ ವೈವಾಹಿಕ ಸಂಬಂಧವನ್ನು ಈ ದಿವಸದಿಂದ ಕಡಿದುಕೊಂಡಿರುತ್ತಾರೆ. ಎರಡನೇ ಪಾರ್ಟಿಯವರು ಐದು ಲಕ್ಷ ರೂ. ಪಡೆದು, ಮುಂದಕ್ಕೆ ತನ್ನ ಬಗ್ಗೆಯಾಗಲೀ ಮಗುವಿನ ಬಗ್ಗೆಯಾಗಲೀ ಜೀವನಾಂಶ, ಸ್ವತ್ತು, ಇತರೆ ಯಾವುದೇ ಬಾಬ್ತು ತಕರಾರು ಮಾಡತಕ್ಕದ್ದಲ್ಲ. ಹೆಣ್ಣು ಮಗುವು ಏಳು ವರ್ಷ ತುಂಬುವವರೆಗೆ ತಾಯಿಯ ಬಳಿ ಇದ್ದು ತದನಂತರ ತಂದೆಯ ವಶಕ್ಕೆ ಒಪ್ಪಿಸತಕ್ಕದ್ದು."

ಏಳು ವರ್ಷ ಅಂದರೆ ಇನ್ನು ಕೆಲವೇ ತಿಂಗಳು. ಈ ಸಾಲು ಓದಿದಾಗಿಂದ ತಂಗಿ ಸರಿಯಾಗಿ ಊಟ ಮಾಡ್ತಿಲ್ಲ. "ಐದು ವರ್ಷ ಆದ ಮೇಲೆ ಮಗು ಅಪ್ಪಂದೇ, ಅದೇ ಕಾನೂನು" ಅಂತಾರೆ ಅವರ ಕಡೆಯವರು. ನಿಜವಾ?

ಇನ್ನೊಂದು. 2019ರಲ್ಲಿ ಭಾವ ತುಮಕೂರಿನಲ್ಲಿ ಸೈಟು ತಗೊಂಡರು, ಅವರ ಹೆಸರಲ್ಲೇ ಇದೆ. ಅದಕ್ಕೆ ಕೊಬ್ಬರಿ ಮಾರಿದ ದುಡ್ಡಲ್ಲಿ ನಾಲ್ಕು ಲಕ್ಷ ನಾವು ಕೊಟ್ಟಿದ್ದೀವಿ, ನನ್ನ ಖಾತೆಯಿಂದ ಆರ್‌ಟಿಜಿಎಸ್ ಆಗಿದೆ. ಮದುವೆಯಲ್ಲಿ ಹಾಕಿದ ಸರ, ಎರಡು ಜೊತೆ ಬಳೆ ಅವರ ಅಮ್ಮನ ಬೀರುವಿನಲ್ಲಿವೆ. ಸೈಟಿನಲ್ಲಿ ತಂಗಿಗೆ ಅರ್ಧ ಬರುತ್ತಾ? ಸಹಿ ಹಾಕಿಸಲಾ, ಬೇಡವಾ?

ಹಾಸನದ_ವಕೀಲೆ:

ಹಾಕಿಸಬೇಡಿ. ಭಾನುವಾರ ಹೋಗಿ, ಕಾಫಿ ಕುಡಿಯಿರಿ, ಹಿರಿಯರ ಮಾತು ಕೇಳಿ. ಆ ಕಾಗದಕ್ಕೆ ಮಾತ್ರ ನಿಮ್ಮ ತಂಗಿಯ ಸಹಿ ಬೀಳಬಾರದು.

ಹದಿನೈದು ವರ್ಷದಿಂದ ಕೌಟುಂಬಿಕ ಪ್ರಕರಣಗಳನ್ನು ನಡೆಸುತ್ತಿದ್ದೇನೆ. ಇಂಥ ಕಾಗದ ಹಿಡಿದು ಬರುವ ಹೆಣ್ಣುಮಕ್ಕಳು ಕಡಿಮೆಯಾಗಿಲ್ಲ. ಛಾಪಾ ಕಾಗದ ಎಷ್ಟು ರೂಪಾಯಿಯದಾದರೂ, ನೋಟರಿ ಸೀಲು ಬಿದ್ದಿದ್ದರೂ, ಅದರಿಂದ ಹಿಂದೂ ಮದುವೆ ಮುರಿಯುವುದಿಲ್ಲ. ಕೋರ್ಟಿನ ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಬೇಕು. ಕೆಲವು ಸಮುದಾಯಗಳಲ್ಲಿ ರೂಢಿಯ ವಿಚ್ಛೇದನಕ್ಕೆ 1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ಜಾಗ ಬಿಟ್ಟಿದೆ ನಿಜ, ಆದರೆ ಆ ರೂಢಿ ತಲೆತಲಾಂತರದಿಂದ ಬಂದದ್ದು ಎಂದು ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಹಾಗೆ ಸಾಬೀತಾಗುವುದು ಅಪರೂಪ. ಡಿಕ್ರಿ ಇಲ್ಲದೆ ಇಬ್ಬರಲ್ಲಿ ಯಾರು ಇನ್ನೊಂದು ಮದುವೆಯಾದರೂ ಅದು ಅಪರಾಧ. ಹಳೆಯ ದಂಡ ಸಂಹಿತೆ ಐಪಿಸಿಯ 494ನೇ ಕಲಂ, ಈಗ ಅದರ ಜಾಗದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 82.

ಮಗುವಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ತಂಗಿ ಊಟ ಬಿಟ್ಟಿರುವುದು ಅದಕ್ಕೇ ಅಲ್ಲವೇ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಐದು ತುಂಬಿದ ಮರುದಿನ ತಂದೆಗೆ ಒಪ್ಪಿಸಿ ಎಂದು ಅದೂ ಹೇಳಿಲ್ಲ, ಬೇರೆ ಯಾವ ಕಾನೂನೂ ಹೇಳಿಲ್ಲ. ಐದರ ನಂತರ ನೋಡುವುದು ಅದೇ ಕಾಯ್ದೆಯ 13ನೇ ಕಲಂ: ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲು. ಮಗು ಯಾವ ಶಾಲೆಗೆ ಹೋಗುತ್ತಿದೆ, ಜ್ವರ ಬಂದರೆ ಯಾರು ನೋಡುತ್ತಾರೆ, ಯಾರ ಮಗ್ಗುಲಲ್ಲಿ ಮಲಗುತ್ತದೆ, ನ್ಯಾಯಾಧೀಶರು ಕೇಳುವುದು ಇದನ್ನೇ. ಎರಡು ವರ್ಷದಿಂದ ತಿಪಟೂರಿನಲ್ಲಿ ತಾಯಿಯ ಜೊತೆ ನೆಲೆಯಾಗಿ ಓದುತ್ತಿರುವ ಹೆಣ್ಣು ಮಗುವನ್ನು, ಇಷ್ಟು ದಿನ ಒಂದು ರೂಪಾಯಿಯನ್ನೂ ಕಳಿಸದ ತಂದೆಗೆ ಸುಮ್ಮನೆ ಎತ್ತಿ ಕೊಡುವುದಿಲ್ಲ. ತಂದೆ ಸಹಜ ಪಾಲಕರು ಹೌದು. ಪಾಲಕರಾಗಿರುವುದು ಬೇರೆ, ಮಗು ಯಾರ ವಶದಲ್ಲಿರಬೇಕು ಎಂಬುದು ಬೇರೆ.

ಮಗುವಿನ ಜೀವನಾಂಶ ಮಗುವಿನ ಹಕ್ಕು. ತಾಯಿ ಅದನ್ನು ಬರೆದುಕೊಟ್ಟು ಬಿಡಲು ಬರುವುದಿಲ್ಲ. ಮದುವೆಯಾಗದ ಹೆಣ್ಣುಮಗಳು ತನ್ನನ್ನು ತಾನು ಸಾಕಿಕೊಳ್ಳಲಾರದ ಸ್ಥಿತಿಯಲ್ಲಿದ್ದರೆ ಹದಿನೆಂಟರ ನಂತರವೂ ತಂದೆಯ ಹೊಣೆ ಮುಗಿಯುವುದಿಲ್ಲ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ಹಾಗಾಗಿ ಆ ಕಾಗದದ "ಮಗುವಿನ ಬಗ್ಗೆಯಾಗಲೀ" ಎಂಬ ಮಾತು ಕೋರ್ಟಿನ ಮುಂದೆ ನಿಲ್ಲುವುದಿಲ್ಲ. ನಿಲ್ಲದ ಕಾಗದಕ್ಕೆ ಸಹಿ ಯಾಕೆ ಬೇಡ ಎಂದರೆ, ಮುಂದೆ ಪ್ರತಿ ವಾಯಿದೆಯಲ್ಲೂ ಅದನ್ನೇ ಹಿಡಿದು "ಒಪ್ಪಿ ಸಹಿ ಹಾಕಿದ್ದಾಳೆ, ಐದು ಲಕ್ಷ ತಗೊಂಡಿದ್ದಾಳೆ" ಎನ್ನುತ್ತಾರೆ. ಅದನ್ನು ಬಿಡಿಸಿಕೊಳ್ಳುವುದರಲ್ಲಿ ವರ್ಷ ಕಳೆಯುತ್ತದೆ.

ಸೈಟಿನ ವಿಷಯದಲ್ಲಿ ನಿಮಗೆ ಬೇಸರವಾಗಬಹುದು. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಎಂಬ ಕಾನೂನು ನಮ್ಮಲ್ಲಿಲ್ಲ. ನಾಲ್ಕು ಲಕ್ಷವನ್ನು ಸಾಲ ಎಂದು ದಾವೆ ಹಾಕಲು ಮೂರು ವರ್ಷದ ಗಡುವು, ಅದು ದಾಟಿದೆ. ಆದರೂ ಆ ಆರ್‌ಟಿಜಿಎಸ್ ಇರುವ ಪುಟವನ್ನು ಬ್ಯಾಂಕಿನಿಂದ ಸೀಲು ಹಾಕಿಸಿ ತಂದಿಡಿ, ರಾಜಿ ಮಾತಿನಲ್ಲಿ ಅದಕ್ಕೆ ತೂಕ ಇರುತ್ತದೆ. ಸೈಟಿನ ಇ.ಸಿ. (ಋಣಭಾರ ಪ್ರಮಾಣಪತ್ರ) ಕೂಡ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಿ. ಗಂಡನ ಆದಾಯ, ಆಸ್ತಿ ಎಷ್ಟು ಎಂದು ತೋರಿಸಲು ಬೇಕಾಗುತ್ತದೆ.

ಒಡವೆ ಹಾಗಲ್ಲ. ಸರ, ಬಳೆ ಆಕೆಯ ಸ್ತ್ರೀಧನ, ಯಾರ ಬೀರುವಿನಲ್ಲಿದ್ದರೂ ಆಕೆಯದೇ. 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಮದುವೆಯ ಫೋಟೋ, ಅಂಗಡಿಯ ಬಿಲ್ಲು ಹುಡುಕಿಡಿ.

ಅನುಭವಿ_ಮಂಡ್ಯ:

ಅಣ್ಣಾ, ನಾನು ವಕೀಲಳಲ್ಲ. ನನ್ನ ಚಿಕ್ಕಮ್ಮನ ಮಗಳು ಇಂಥದ್ದೇ ಕಾಗದಕ್ಕೆ ಸಹಿ ಹಾಕಿದ್ದಳು. ಒಂದೇ ವರ್ಷದಲ್ಲಿ ಆತ ಇನ್ನೊಂದು ಮದುವೆ ಮಾಡಿಕೊಂಡ. ಇವಳು ಜೀವನಾಂಶಕ್ಕೆ ಹೋದಾಗ ಆ ಕಾಗದ ತಂದು ತೋರಿಸಿದರು, ಆದರೂ ಕೋರ್ಟಿನಲ್ಲಿ ಇವಳಿಗೂ ಮಗನಿಗೂ ತಿಂಗಳಿಗಿಷ್ಟು ಅಂತ ಆಯಿತು. ಆದರೆ ಅಲ್ಲಿಗೆ ಬರುವಷ್ಟರಲ್ಲಿ ಅವಳು ಹಣ್ಣಾಗಿದ್ದಳು.

ನಿಮ್ಮ ಬರಹ ಎರಡು ಸಲ ಓದಿದೆ. ಭಾವ ಏನಂತಾರೆ, ಹಿರಿಯರು ಏನಂತಾರೆ ಎಲ್ಲ ಇದೆ. ನಿಮ್ಮ ತಂಗಿಗೆ ಏನು ಬೇಕು ಅಂತ ಎಲ್ಲೂ ಇಲ್ಲ. ವಿಚ್ಛೇದನ ಬೇಕಾ, ಗಂಡ ಕರೆದರೆ ಹೋಗುವ ಮನಸ್ಸಿದೆಯಾ? ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ, ಅಪ್ಪ ಅಮ್ಮ ಎದುರಿಗಿರೋದು ಬೇಡ.

ಇನ್ನೊಂದು ಕೇಳ್ತೀನಿ, ತಪ್ಪು ತಿಳೀಬೇಡಿ. ನಿಮ್ಮ ತೋಟ ಅಜ್ಜನ ಕಾಲದ್ದಾದರೆ ಅದರಲ್ಲಿ ಅವಳ ಭಾಗವೂ ಇದೆಯಲ್ಲ?

ರಾಜಾಜಿನಗರ_77:

ಇಷ್ಟೆಲ್ಲ ಮೆತ್ತಗಿದ್ದರೆ ಆಗೋದಿಲ್ಲ. 498ಎ, ಅಂದರೆ ಗಂಡನ ಮನೆಯವರ ಕ್ರೌರ್ಯದ ಕೇಸು (ಈಗ ನ್ಯಾಯ ಸಂಹಿತೆಯ 85), ಹಾಕಿಸಿ, ಅತ್ತೆ, ನಾದಿನಿ ಎಲ್ಲರ ಹೆಸರೂ ಸೇರಿಸಿ. ಒಂದೇ ವಾರದಲ್ಲಿ ದಾರಿಗೆ ಬರ್ತಾರೆ.

ಹಾಸನದ_ವಕೀಲೆ:

@ರಾಜಾಜಿನಗರ_77, ಈ ಸಲಹೆ ದಯವಿಟ್ಟು ಯಾರಿಗೂ ಕೊಡಬೇಡಿ. ಕ್ರೌರ್ಯ ನಡೆದಿದ್ದರೆ ದೂರು ಕೊಡಲೇಬೇಕು, ಅಂಥ ಹೆಣ್ಣುಮಕ್ಕಳ ಜೊತೆ ನಾನೇ ಠಾಣೆಗೆ ಹೋಗುತ್ತೇನೆ. ನಡೆಯದ್ದನ್ನು ನಡೆದಿದೆ ಎಂದು ಬರೆಸಿದರೆ ಮೊದಲು ಕುಸಿಯುವುದು ದೂರುದಾರಳ ಮಾತಿನ ಬೆಲೆ. ನಿರ್ದಿಷ್ಟ ಆರೋಪವಿಲ್ಲದೆ ಮನೆಯವರನ್ನೆಲ್ಲ ಎಳೆದು ತರುವುದರ ಬಗ್ಗೆ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲೂ ಕಟುವಾಗಿ ಹೇಳಿದೆ. ಇಲ್ಲಿ ಅಣ್ಣನೇ "ಕೈ ಎತ್ತಿದವರಲ್ಲ" ಎಂದು ಪ್ರಾಮಾಣಿಕವಾಗಿ ಬರೆದಿದ್ದಾರೆ. ಆ ಪ್ರಾಮಾಣಿಕತೆಯೇ ಕಟಕಟೆಯಲ್ಲಿ ಆಕೆಯನ್ನು ಕಾಯುತ್ತದೆ.

ಎರಡನೇ_ಶನಿವಾರ:

ನಾನು ಆ ಕಡೆಯವನು, ಅಂದರೆ ಮಗ ತಾಯಿಯ ಬಳಿ ಇರುವ ಅಪ್ಪ. ಮೊದಮೊದಲು ಕೋರ್ಟಿನ ಆವರಣದಲ್ಲೇ ಎರಡು ಗಂಟೆ ಮಗನ ಜೊತೆ ಕೂರಲು ಬಿಟ್ಟರು. ಆಮೇಲೆ ತಿಂಗಳಿಗೆ ಎರಡು ಶನಿವಾರ, ದಸರಾ ರಜೆಯಲ್ಲಿ ಅರ್ಧ, ಬೇಸಿಗೆ ರಜೆಯಲ್ಲಿ ಅರ್ಧ. ನಿಮಗೆ ಹೇಳುವುದಿಷ್ಟೆ: ಅಪ್ಪ ಮಗಳನ್ನು ನೋಡಬೇಕು ಎಂದರೆ ತಡೆಯಬೇಡಿ. ಫೋನ್ ಬಂದರೆ ಮಗುವಿನ ಕೈಗೆ ಕೊಡಿ, ಅದರ ಮುಂದೆ ಅಪ್ಪನನ್ನು ಬೈಯಬೇಡಿ. ಕೋರ್ಟು ಇದನ್ನು ಗಮನಿಸುತ್ತದೆ ಅನ್ನೋದು ಒಂದು. ನನ್ನ ಮಗ ಮೊದಲ ಭೇಟಿಯಲ್ಲಿ ನನ್ನ ಮುಖ ನೋಡದೆ ಬರೀ ಶೂ ಲೇಸು ಎಳೆಯುತ್ತಾ ಕೂತಿದ್ದ. ನನ್ನ ಬಗ್ಗೆ ಏನು ಕೇಳಿಸಿಕೊಂಡಿದ್ದನೋ. ಆರು ವರ್ಷದ ಮಗುವಿಗೆ ಆ ಭಾರ ಬೇಡ.

ತಿಪಟೂರು_ತೋಟದವ:

ಎಲ್ಲರಿಗೂ ಧನ್ಯವಾದ. ಮಂಡ್ಯದ ಅಕ್ಕ ಹೇಳಿದ ಹಾಗೆ ರಾತ್ರಿ ತಂಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ಅವಳ ಮಾತು ಸ್ಪಷ್ಟವಾಗಿದೆ. ವಾಪಸ್ ಹೋಗೋದಿಲ್ಲ. ವಿಚ್ಛೇದನಕ್ಕೆ ಒಪ್ಪಿಗೆ ಇದೆ, ಮಗು ತನ್ನ ಹತ್ತಿರ ಇರಬೇಕು, ಮಗುವಿನ ಓದಿಗೆ ಅಪ್ಪ ತಿಂಗಳು ತಿಂಗಳು ಕೊಡಬೇಕು. ಸೈಟು ಬೇಡವಂತೆ, ಬಳೆ ಮಾತ್ರ ಬೇಕಂತೆ. ಅವು ನಮ್ಮ ಅಜ್ಜಿಯವು.

ತೋಟ ಅಜ್ಜನ ಕಾಲದ್ದೇ. ಪಹಣಿ ಅಪ್ಪನ ಹೆಸರಲ್ಲಿದೆ, ಅಪ್ಪ ಇದ್ದಾರೆ, ಇನ್ನೂ ವಿಭಾಗ ಆಗಿಲ್ಲ. ಅವಳ ಭಾಗ ಅವಳಿಗೇ. ನಾನಾಗಲಿ ಅಪ್ಪನಾಗಲಿ ಹಕ್ಕು ಬಿಡುಗಡೆ ಪತ್ರದ ಮಾತು ಎತ್ತಿಲ್ಲ, ಎತ್ತೋದೂ ಇಲ್ಲ.

ಮೇಡಂ, ಅವಳು ಖಾಸಗಿ ಶಾಲೆಯಲ್ಲಿ ಒಂಬತ್ತು ಸಾವಿರಕ್ಕೆ ಪಾಠ ಮಾಡ್ತಾಳೆ. ಸಂಬಳ ಇದೆ, ತೋಟದಲ್ಲಿ ಭಾಗ ಇದೆ ಅಂತ ಜೀವನಾಂಶ ತಪ್ಪಿಹೋಗುತ್ತಾ? ಕೇಸು ಬೆಂಗಳೂರಲ್ಲೇ ಹಾಕಬೇಕಾ? ವಕೀಲರ ಫೀಜಿಗೆ ಈ ಸಲ ಕೈ ಬಿಗಿ.

ಹಾಸನದ_ವಕೀಲೆ:

ಅಣ್ಣ, ತಂಗಿಯನ್ನು ಕೇಳಿ ಬರೆದಿದ್ದೀರಿ, ಸಂತೋಷ. ಇನ್ನು ಮುಂದೆ ಕಚೇರಿಯಲ್ಲೂ ಆಕೆಯೇ ಮಾತಾಡಲಿ, ನೀವು ಪಕ್ಕದಲ್ಲಿರಿ.

ತೋಟದಲ್ಲಿ ಆಕೆಗೆ ನಿಮ್ಮಷ್ಟೇ ಹಕ್ಕು, ಹುಟ್ಟಿನಿಂದಲೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಇದರಲ್ಲಿ ಅನುಮಾನವಿಲ್ಲ. ನಮ್ಮ ರಾಜ್ಯವಂತೂ ಅದಕ್ಕೂ ಮೊದಲೇ, 1994ರಲ್ಲೇ, ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. ಜೀವನಾಂಶದ ಅರ್ಜಿಯ ಜೊತೆ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು, ಗಂಡನೂ ಕೊಡಬೇಕು. 2020ರ ರಜನೇಶ್ ವಿರುದ್ಧ ನೇಹಾ ಪ್ರಕರಣದಿಂದ ಈ ಕ್ರಮ ಬಂದಿದೆ. ಅದರಲ್ಲಿ ಒಂಬತ್ತು ಸಾವಿರವನ್ನೂ ತೋಟವನ್ನೂ ಮುಚ್ಚಿಡದೆ ಬರೆಯಿರಿ. ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಮೊತ್ತದಲ್ಲಿ ಹೆಚ್ಚುಕಡಿಮೆ ಆಗಬಹುದು. ಗಂಡನ ಸಂಬಳದಲ್ಲಿ ಶೇಕಡಾ ಇಷ್ಟು ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಶೇ. 25 ಎಂದದ್ದನ್ನು ವಕೀಲರು ಎತ್ತಿ ಹೇಳುತ್ತಾರೆ. ಅದು ಅಂದಾಜು ಅಷ್ಟೇ.

ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಆಕೆ ಇರುವುದು ತಿಪಟೂರಿನಲ್ಲಿ, ಮದುವೆ ಆದದ್ದೂ ಅಲ್ಲೇ. ಜೀವನಾಂಶದ ಅರ್ಜಿ, ಅಂದರೆ ಮೊದಲು ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 125 ಎನ್ನುತ್ತಿದ್ದದ್ದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144, ಆಕೆ ವಾಸವಿರುವ ಕಡೆಯೇ ಹಾಕಬಹುದು. ಫೀಜಿನ ಚಿಂತೆ ಬಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಂದು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮದುವೆಯ ಫೋಟೋ ಮತ್ತು ಲಗ್ನಪತ್ರಿಕೆ, ಇಬ್ಬರ ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಫೀಸಿನ ರಸೀದಿಗಳು, ಆ ವಾಟ್ಸಾಪ್ ಕರಡು ಎಲ್ಲ ಒಯ್ಯಿರಿ. ಕರಡನ್ನು ಮೊಬೈಲಿನಿಂದ ಅಳಿಸಬೇಡಿ.

ಭಾನುವಾರ ಹಿರಿಯರ ಮುಂದೆ ಹೀಗೆ ಹೇಳಿ: ರಾಜಿಗೆ ನಾವು ಸಿದ್ಧ, ಆದರೆ ಕಾಗದ ಕೋರ್ಟಿನಲ್ಲಿ ಆಗಲಿ. ಇಬ್ಬರೂ ಒಪ್ಪಿದರೆ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಜಂಟಿ ಅರ್ಜಿ ಹಾಕಬಹುದು, ಒಂದು ವರ್ಷ ಬೇರೆ ಇದ್ದಿರಬೇಕು ಎಂಬ ಷರತ್ತು ನಿಮ್ಮಲ್ಲಿ ಆಗಲೇ ಪೂರೈಸಿದೆ. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನೂ, ಎಲ್ಲ ಬಗೆಹರಿದಿದ್ದರೆ, ಕೋರ್ಟು ಮನ್ನಾ ಮಾಡಬಹುದು. 2017ರ ಅಮರ್‌ದೀಪ್ ಸಿಂಗ್ ತೀರ್ಪು ನೋಡಿ. ಮಗುವಿನ ವಶ ತಾಯಿಗೆ, ತಂದೆಯ ಭೇಟಿ ಯಾವ ದಿನ, ತಿಂಗಳ ಮೊತ್ತ ಎಷ್ಟು, ವರ್ಷ ವರ್ಷ ಎಷ್ಟು ಏರಿಕೆ, ಬಳೆ ಮತ್ತು ಸರ ಯಾವ ದಿನ ವಾಪಸ್, ಎಲ್ಲವನ್ನೂ ಆ ಅರ್ಜಿಯಲ್ಲೇ ಬರೆಸಿ. ಮೊತ್ತ ಮಗುವಿನ ಹೆಸರಿನ ಖಾತೆಗೆ ಬರಲಿ.

ಅವರು ಒಪ್ಪದಿದ್ದರೆ ಸೋಮವಾರವೇ ಸಮಿತಿ ಕಚೇರಿಗೆ ಹೋಗಿ. ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ, ಈ ಎರಡು ವರ್ಷದ್ದು ಸಿಗುವುದು ಕಷ್ಟ. ಇನ್ನೊಂದು ತಿಂಗಳು ತಡೆದರೆ ಆ ತಿಂಗಳಿನದೂ ಹೋಗುತ್ತದೆ.

ತಿಪಟೂರು_ತೋಟದವ:

ಆಯ್ತು ಮೇಡಂ. ಶನಿವಾರವೇ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತರ್ತೀನಿ. ಭಾನುವಾರ ತಂಗಿಯೇ ಮಾತಾಡ್ತಾಳಂತೆ, ಏನು ಹೇಳಬೇಕು ಅಂತ ಈಗ ಮಗಳ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ತಿದ್ದಾಳೆ.