ಅಪ್‌ಡೇಟ್: ಮಗಳ ಜೊತೆ ‘ದಿ ಲಯನ್ ಕಿಂಗ್’ ರಂಗಪ್ರದರ್ಶನ, ಯಾವ ಸೀಟು ಸರಿಹೋಯ್ತು

ಅಮೆರಿಕದಲ್ಲಿ 2002ರಿಂದ ಊರೂರು ಸುತ್ತುತ್ತಿರುವ ಈ ಸಂಗೀತ ನಾಟಕಕ್ಕೆ ಆರು ವರ್ಷದ ಮಗಳು, ಅಮ್ಮನ ಜೊತೆ ಹೋಗೋಕೆ ಯಾವ ಸೀಟು ಒಳ್ಳೇದು ಅಂತ ಕೇಳಿದ್ದೆನಲ್ಲ, ಮೊನ್ನೆ ನೋಡಿ ಬಂದೆವು.

ಕೆಳಗಡೆ, ನಡುದಾರಿಯ ಪಕ್ಕದ ಸೀಟೇ ಹಿಡೀರಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಮೊದಲ ಹಾಡಿಗೆ ಆನೆ, ಹಕ್ಕಿಗಳ ವೇಷದ ನಟರೆಲ್ಲ ಆ ದಾರಿಯಲ್ಲೇ ಬಂದು ವೇದಿಕೆ ಏರುತ್ತಾರೆ. ಅದಕ್ಕೇ ತಡವಾಗಿ ಬಂದವರನ್ನು ಆಗ ಒಳಗೆ ಬಿಡಲ್ಲ. ಅರ್ಧ ಗಂಟೆ ಮುಂಚೆ ಹೋಗಿ. ಬೂಸ್ಟರ್ ಸೀಟು (ಮಕ್ಕಳನ್ನು ಎತ್ತರಕ್ಕೆ ಕೂರಿಸೋ ದಿಂಬು) ಅಲ್ಲೇ ಸಿಗುತ್ತೆ ಅನ್ನೋ ಸಲಹೆ ನಡೆಯಲಿಲ್ಲ, ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದುಹೋಗಿದ್ದವು.

ಗೊತ್ತಿರದೇ ಇದ್ದದ್ದು: ಮುಖವಾಡ ತಲೆಯ ಮೇಲಿರುತ್ತೆ, ನಟರ ಮುಖ ಪೂರ್ತಿ ಕಾಣುತ್ತೆ, ಮಕ್ಕಳಿಗೆ ಹೆದರಿಕೆ ಕಡಿಮೆ. ಆದರೂ ಅಪ್ಪ ಸಿಂಹ ಸಾಯುವ ದೃಶ್ಯದ ಬಗ್ಗೆ ಮೊದಲೇ ಹೇಳಿಡಿ. ಒಟ್ಟು ಸುಮಾರು ಎರಡೂವರೆ ಗಂಟೆ, ವಿರಾಮ ಒಂದೇ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಕಥೆ ಪೂರ್ತಿ ಅರ್ಥವಾಯಿತು. ಖಂಡಿತ ಕರೆದುಕೊಂಡು ಹೋಗಿ.