ಡ್ಯಾನ್ಯೂಬ್ ಅಷ್ಟು ಉದ್ದ ಇದ್ದರೂ ಸರಕು ಸಾಗಣೆ ಯಾಕೆ ರೈನ್‌ನಲ್ಲೇ ಜಾಸ್ತಿ?

ನಕ್ಷೆಗಣ್ಣು:
ಯುರೋಪಿನ ನಕ್ಷೆ ಬಿಡಿಸಿದಾಗಲೆಲ್ಲ ನನಗೆ ಇದೇ ಅನುಮಾನ. ಡ್ಯಾನ್ಯೂಬ್ ಸುಮಾರು 2,850 ಕಿ.ಮೀ. ಉದ್ದ ಇದೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟಿಕೊಂಡು ಕಪ್ಪು ಸಮುದ್ರ ಸೇರುತ್ತದೆ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಲ್ಲ ಇದರ ದಡದಲ್ಲೇ ಇವೆ. ರೈನ್ ಇದರ ಅರ್ಧದಷ್ಟೂ ಇಲ್ಲ. ಆದರೂ ನದಿಯಲ್ಲಿ ಸರಕು ಸಾಗಣೆ ಅಂದ ಕೂಡಲೇ ಎಲ್ಲರೂ ರೈನ್ ಹೆಸರನ್ನೇ ಹೇಳುತ್ತಾರೆ. 1992ರಲ್ಲಿ ಎರಡೂ ನದಿಗಳನ್ನು ಜೋಡಿಸುವ ರೈನ್-ಮೈನ್-ಡ್ಯಾನ್ಯೂಬ್ ಕಾಲುವೆ ಮುಗಿದ ಮೇಲಾದರೂ ಬದಲಾಗಬೇಕಿತ್ತು ಅಲ್ವಾ? ನೀರು ಕಡಿಮೆಯಾ, ಅಥವಾ ರಾಜಕೀಯವಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ತಿರುವುಹೊಳೆ:
ನೀರು ಕಡಿಮೆ ಅಲ್ಲ. ಸಮುದ್ರ ಸೇರುವ ಹೊತ್ತಿಗೆ ಡ್ಯಾನ್ಯೂಬ್‌ನಲ್ಲಿ ರೈನ್‌ನ ಎರಡು ಪಟ್ಟಿಗಿಂತ ಜಾಸ್ತಿ ನೀರಿರುತ್ತದೆ. ನನ್ನ ಪ್ರಕಾರ ಮುಖ್ಯ ಕಾರಣ ದಿಕ್ಕು. ರೈನ್ ಬಾಸೆಲ್‌ನಿಂದ ಹೊರಟು ಕಾರ್ಖಾನೆಗಳ ಮಧ್ಯೆಯೇ ಹರಿದು, ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ಹಾದು, ಸೀದಾ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿಗೆ ಬರುತ್ತದೆ. ಅಲ್ಲಿಂದಾಚೆ ತೆರೆದ ಸಮುದ್ರ. ಡ್ಯಾನ್ಯೂಬ್ ಪೂರ್ವಕ್ಕೆ ಹೋಗುತ್ತದೆ. ಅದು ಸೇರುವ ಕಪ್ಪು ಸಮುದ್ರದಿಂದ ಆಚೆ ಹೋಗಬೇಕಾದರೆ ಹಡಗುಗಳಿಗೆ ಇಸ್ತಾಂಬುಲ್ ಬಳಿಯ ಕಿರಿದಾದ ಬಾಸ್ಫರಸ್ ಒಂದೇ ದಾರಿ. ಜರ್ಮನಿಯ ಸರಕು ಅಮೆರಿಕಕ್ಕೆ ಹೋಗಬೇಕಿದ್ದರೆ ಯಾರು ತಾನೇ ಈ ಸುತ್ತುದಾರಿ ಹಿಡಿಯುತ್ತಾರೆ?

ಎರಡನೆಯದು ಆಳದ ಸಮಸ್ಯೆ. ಬವೇರಿಯಾದಲ್ಲಿ ಸ್ಟ್ರಾಬಿಂಗ್‌ನಿಂದ ವಿಲ್ಸ್‌ಹೋಫನ್‌ವರೆಗೆ ಸುಮಾರು 70 ಕಿ.ಮೀ. ನದಿ ಅಣೆಕಟ್ಟಿಲ್ಲದೆ ಹರಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿ ನೀರು ಇಳಿದರೆ ಬಾರ್ಜ್‌ಗಳು (ಚಪ್ಪಟೆ ತಳದ ಸರಕು ದೋಣಿಗಳು) ಪೂರ್ತಿ ತುಂಬಿಕೊಂಡು ಹೋಗೋಕೆ ಆಗಲ್ಲ. ಉಳಿದ ದಾರಿಯಲ್ಲಿ ಎಷ್ಟೇ ಆಳ ಇದ್ದರೂ ಆ ಒಂದು ತುಂಡಿನ ಆಳವೇ ಇಡೀ ಪ್ರಯಾಣದ ಲೋಡ್ ನಿರ್ಧರಿಸುತ್ತದೆ. ಅಲ್ಲಿ ಅಣೆಕಟ್ಟು ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ದಶಕಗಟ್ಟಲೆ ಜಗಳ ನಡೆದು, ಕೊನೆಗೆ 2013ರಲ್ಲಿ ಬವೇರಿಯಾ ಸರ್ಕಾರ ಬೇಡ ಅಂತ ತೀರ್ಮಾನ ಮಾಡಿತು.

ಇನ್ನೊಂದು ವಿಷಯ, ಇದು ನನಗೆ ತುಂಬಾ ಇಷ್ಟ. ಇಮೆಂಡಿಂಗನ್ ಹತ್ತಿರ ಡ್ಯಾನ್ಯೂಬ್ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಎಷ್ಟೋ ದಿನ ಅಲ್ಲಿ ಪಾತ್ರ ಪೂರ್ತಿ ಒಣಗಿ ಬರೀ ಬಿಳಿ ಕಲ್ಲು ಕಾಣುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯೋಕೆ 1877ರಲ್ಲಿ ನದಿಗೆ ಉಪ್ಪು, ಎಣ್ಣೆ ಮತ್ತು 10 ಕೆ.ಜಿ. ಫ್ಲೋರೆಸಿನ್ ಬಣ್ಣ ಸುರಿದರು. ಸುಮಾರು 60 ಗಂಟೆ ಆದ ಮೇಲೆ, ಹನ್ನೆರಡು ಕಿ.ಮೀ. ಆಚೆ ಆಖ್ ಅನ್ನೋ ಊರಿನ ಬುಗ್ಗೆಯಲ್ಲಿ ಹಸಿರು ಹೊಳೆಯುವ ಉಪ್ಪು ನೀರು ಮೇಲೆ ಬಂತು. ಆ ಬುಗ್ಗೆ ಕಾನ್‌ಸ್ಟನ್ಸ್ ಸರೋವರಕ್ಕೆ ಹೋಗುತ್ತದೆ, ಅಂದರೆ ರೈನ್‌ಗೆ. ಡ್ಯಾನ್ಯೂಬ್‌ನ ತಲೆಭಾಗದ ನೀರನ್ನೇ ರೈನ್ ನೆಲದಡಿಯಿಂದ ಎಳೆದುಕೊಳ್ಳುತ್ತಿದೆ!

ಗಡಿಕಲ್ಲು:
ದಿಕ್ಕು ಸರಿ, ಆದರೆ ನಾನು ಇತಿಹಾಸಕ್ಕೇ ಹೆಚ್ಚು ತೂಕ ಕೊಡುತ್ತೇನೆ. ಡ್ಯಾನ್ಯೂಬ್ ಶತಮಾನಗಟ್ಟಲೆ ಗಡಿ ಆಗಿತ್ತು. ರೋಮನ್ನರು ದಡದುದ್ದಕ್ಕೂ ಕೋಟೆ ಕಟ್ಟಿ ಕಾವಲು ಕೂತಿದ್ದರು. ಚಕ್ರವರ್ತಿ ಟ್ರೇಜನ್ ಆಚೆ ದಡದ ಡೇಸಿಯಾ ರಾಜ್ಯ ಗೆಲ್ಲೋಕೆ ಅದರ ಮೇಲೆ ಸೇತುವೆ ಕಟ್ಟಿಸಿದ. ಅದರ ಕಂಬಗಳ ಅವಶೇಷ ಇವತ್ತಿಗೂ ಸರ್ಬಿಯಾ, ರೊಮೇನಿಯಾ ಎರಡೂ ದಡದಲ್ಲಿ ಇವೆ. ಆಮೇಲೆ ಆಟೋಮನ್ನರು ಇದೇ ದಾರಿಯಲ್ಲಿ ಮೇಲೆ ಬಂದರು. 1526ರಲ್ಲಿ ಹಂಗೇರಿಯ ಮೊಹಾಚ್‌ನಲ್ಲಿ ಯುದ್ಧ, 1529 ಮತ್ತು 1683ರಲ್ಲಿ ವಿಯೆನ್ನಾಗೆ ಮುತ್ತಿಗೆ.

ರೈನ್‌ಗೂ ಯುದ್ಧಗಳು ಬಿಟ್ಟಿರಲಿಲ್ಲ ನಿಜ. ಆದರೆ 1815ರಲ್ಲೇ ಅಲ್ಲಿ ಹಡಗು ಸಾಗಣೆಗೆ ಒಂದು ಅಂತರರಾಷ್ಟ್ರೀಯ ಆಯೋಗ ಹುಟ್ಟಿತು, ಅದು ಈಗಲೂ ಇದೆ. ಡ್ಯಾನ್ಯೂಬ್‌ಗೆ ಆ ಭಾಗ್ಯ ಸಿಕ್ಕಿದ್ದು 1856ರಲ್ಲಿ, ಕ್ರಿಮಿಯಾ ಯುದ್ಧ ಮುಗಿದ ಮೇಲೆ, ಅದೂ ಕೆಳಭಾಗಕ್ಕೆ ಮಾತ್ರ. ರಷ್ಯಾ ಹಿಡಿತದಲ್ಲಿದ್ದಾಗ, ನದಿ ಕಪ್ಪು ಸಮುದ್ರ ಸೇರುವ ಸುಲಿನಾ ಬಾಯಿಯಲ್ಲಿ ಹೂಳು ತುಂಬಿ ಹಡಗುಗಳು ಒಡೆಯುತ್ತಿದ್ದವು. ಎಂಜಿನಿಯರ್ ಚಾರ್ಲ್ಸ್ ಹಾರ್ಟ್ಲಿ ಅಲ್ಲಿ ಸಮುದ್ರದೊಳಗೆ ಕಟ್ಟೆ ಕಟ್ಟಿಸಿ, ತಿರುವುಗಳನ್ನು ಕತ್ತರಿಸಿ ದಾರಿ ಮಾಡಿಸಿದ.

ಕಾಲುವೆಯ ಮಾತು ಬಂತಲ್ಲ, 1992ರಲ್ಲಿ ಅದು ತೆರೆಯಿತು, ಅದೇ ಹೊತ್ತಿಗೆ ಯುಗೊಸ್ಲಾವಿಯಾ ಒಡೆಯುತ್ತಿತ್ತು. 1999ರ ನ್ಯಾಟೋ ಬಾಂಬ್ ದಾಳಿಯಲ್ಲಿ ಸರ್ಬಿಯಾದ ನೋವಿ ಸಾದ್ ನಗರದ ಮೂರು ಸೇತುವೆಗಳು ನದಿಗೇ ಬಿದ್ದವು. ಅವಶೇಷ ತೆಗೆದ ಮೇಲೂ ಊರಿನ ಜನ ಓಡಾಡಲು ಹಾಕಿದ್ದ ತೇಲುಸೇತುವೆ 2005ರವರೆಗೂ ಹಡಗುಗಳಿಗೆ ಅಡ್ಡ ಇತ್ತು. ಹೀಗೆ ವರ್ಷಗಟ್ಟಲೆ ಸರಿಯಾಗಿ ತೆರೆದಿರದ ದಾರಿಯನ್ನು ವ್ಯಾಪಾರಿಗಳು ಹೇಗೆ ನಂಬುತ್ತಾರೆ?

ಮೀನುಹೆಜ್ಜೆ:
ಎಲ್ಲರೂ ಟನ್ ಲೆಕ್ಕದಲ್ಲೇ ನದಿ ಅಳೆಯುತ್ತಿದ್ದೀರಿ, ಅದು ನನಗೆ ಒಪ್ಪಿಗೆ ಇಲ್ಲ. ಹಡಗಿಗೆ ಅನುಕೂಲ ಮಾಡಿದಲ್ಲೆಲ್ಲ ಏನು ಕಳೆದುಕೊಂಡರು ಅನ್ನೋದನ್ನೂ ನೋಡಿ. ಐರನ್ ಗೇಟ್ಸ್ ಕಣಿವೆಯಲ್ಲಿ ಯುಗೊಸ್ಲಾವಿಯಾ, ರೊಮೇನಿಯಾ ಸೇರಿ 1972ರಲ್ಲಿ ಮುಗಿಸಿದ ಅಣೆಕಟ್ಟಿನಿಂದ ವಿದ್ಯುತ್ ಬಂತು, ಬಂಡೆ ಮತ್ತು ಸೆಳವಿನ ಕಾಟ ತಪ್ಪಿತು. ಆದರೆ ಅದಾ ಕಲೆ ಅನ್ನೋ ಪುಟ್ಟ ದ್ವೀಪ ಮುಳುಗಿತು. ತುರ್ಕಿ ಮಾತಾಡುವ ಜನ ಅಲ್ಲಿ ತಲೆಮಾರುಗಳಿಂದ ಇದ್ದರು. ಕೆಲವರು ತುರ್ಕಿಗೆ ಹೋದರು, ಕೆಲವರು ರೊಮೇನಿಯಾದಲ್ಲೇ ಚದುರಿದರು. ಅವರ ಮಸೀದಿಯ ದೊಡ್ಡ ಜಮಖಾನ ಈಗ ರೊಮೇನಿಯಾದ ಕಾನ್‌ಸ್ಟಾಂಟ್ಸಾ ನಗರದ ಮಸೀದಿಯಲ್ಲಿದೆ. ಸ್ಟರ್ಜನ್ ಮೀನುಗಳ ಪಾಡು ಇನ್ನೂ ಕಷ್ಟ. ಮೊದಲು ಮೊಟ್ಟೆ ಇಡಲು ಕಪ್ಪು ಸಮುದ್ರದಿಂದ ಹಂಗೇರಿ ದಾಟಿ ಮೇಲೆ ಬರುತ್ತಿದ್ದವು, ಈಗ ಅಣೆಕಟ್ಟಿನ ಬುಡದಲ್ಲೇ ನಿಲ್ಲಬೇಕು.

ಆಸ್ಟ್ರಿಯಾದ ಹೈನ್‌ಬರ್ಗ್‌ನಲ್ಲೂ ಹೀಗೇ ಆಗುವುದರಲ್ಲಿತ್ತು. 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ನದಿದಡದ ಕಾಡಿನಲ್ಲಿ ಡೇರೆ ಹಾಕಿ ಕೂತು ವಿದ್ಯುತ್ ಯೋಜನೆ ನಿಲ್ಲಿಸಿದರು. 1996ರಲ್ಲಿ ಆ ಜಾಗ ರಾಷ್ಟ್ರೀಯ ಉದ್ಯಾನ ಆಯಿತು. ಸ್ಟ್ರಾಬಿಂಗ್ ತುಂಡನ್ನೂ ಹಾಗೇ ಬಿಟ್ಟಿದ್ದು ಒಳ್ಳೆಯದೇ ಆಯಿತು ಅಂತ ನಾನು ಹೇಳುತ್ತೇನೆ.

ನಕ್ಷೆಗಣ್ಣು:
ಎಲ್ಲರಿಗೂ ಧನ್ಯವಾದ. ಆ ಹಸಿರು ಬಣ್ಣದ ಪ್ರಯೋಗ ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಸರಕು ಸಾಗಣೆಗೆ ಡ್ಯಾನ್ಯೂಬ್ ಈಗ ಸ್ಥಳೀಯರಿಗೆ ಮಾತ್ರ ಅಂತಲಾ?

ತಿರುವುಹೊಳೆ:
ಇಲ್ಲ, 2022-23ರಲ್ಲಿ ಉಲ್ಟಾ ಆಗಿತ್ತು. 2022ರಲ್ಲಿ ಯುದ್ಧ ಶುರುವಾಗಿ ಉಕ್ರೇನ್‌ನ ಸಮುದ್ರ ಬಂದರುಗಳು ಮುಚ್ಚಿದಾಗ, ಡ್ಯಾನ್ಯೂಬ್ ಮೇಲಿನ ರೆನಿ ಮತ್ತು ಇಜ್ಮಾಯಿಲ್ ಎಂಬ ಸಣ್ಣ ಬಂದರುಗಳಿಂದಲೇ ಧಾನ್ಯ ಹೊರಟಿತು. ಸುಲಿನಾ ಬಾಯಿಯಲ್ಲಿ ಹಡಗುಗಳು ಸಾಲುಗಟ್ಟಿ ನಿಂತವು. ಕೆಲವು ಬಾರ್ಜ್‌ಗಳು ನದಿಯಲ್ಲಿ ಮೇಲಕ್ಕೆ ಹೋಗಿ, ರೊಮೇನಿಯಾದ ಚೆರ್ನವೋಡಾ ಹತ್ತಿರ ಕಾಲುವೆ ಹಿಡಿದು ಕಾನ್‌ಸ್ಟಾಂಟ್ಸಾ ಬಂದರಿಗೆ ಸೇರುತ್ತಿದ್ದವು. ಅದಕ್ಕೇ 2023ರ ಜುಲೈ, ಆಗಸ್ಟ್‌ನಲ್ಲಿ ರಷ್ಯಾದ ಡ್ರೋನ್‌ಗಳು ರೆನಿ, ಇಜ್ಮಾಯಿಲ್ ಎರಡರ ಮೇಲೂ ಬಿದ್ದವು, ಎದುರು ದಡವೇ ರೊಮೇನಿಯಾ ಆಗಿದ್ದರೂ.

ಆದರೆ ಆಳದ ಸಮಸ್ಯೆ ಕೆಳಭಾಗದಲ್ಲೂ ಇದೆ. 2022ರ ಬರದಲ್ಲಿ ಸರ್ಬಿಯಾದ ಪ್ರಾಹೊವೊ ಹತ್ತಿರ 1944ರಲ್ಲಿ ಜರ್ಮನ್ನರೇ ಮುಳುಗಿಸಿದ್ದ ಯುದ್ಧ ಹಡಗುಗಳು ಮೇಲೆ ಕಾಣಿಸಿಕೊಂಡವು, ಕೆಲವದರಲ್ಲಿ ಸ್ಫೋಟಕ ಹಾಗೇ ಇತ್ತು. ಅಲ್ಲಿ 180 ಮೀಟರ್ ಇದ್ದ ಹಡಗಿನ ದಾರಿ 100 ಮೀಟರ್‌ಗೆ ಇಳಿಯಿತು. ಹೊಸ ಅಣೆಕಟ್ಟು ಬೇಡ ಅನ್ನೋದು ಸರಿ, ಆದರೆ ಇಂಥ ಅವಶೇಷ ಎತ್ತುವುದು, ಹೂಳು ತೆಗೆಯುವುದು ಎಲ್ಲ ದೇಶಗಳೂ ಸೇರಿ ಮಾಡಲೇಬೇಕಾದ ಕೆಲಸ.