ಸುಬ್ಬಣ್ಣನ ಅಂಗಿ ಮಲಗಿದೆ

ಹಲ್ಲು ಕಟಕಟಿಸುವ ಚಳಿ. ಸುಬ್ಬಣ್ಣ ತೆಳ್ಳನೆಯ ಅರೆತೋಳಿನ ಅಂಗಿಯಲ್ಲಿ, ಎರಡೂ ಕೈಗಳನ್ನು ಕಂಕುಳಿನಲ್ಲಿ ಅಡಗಿಸಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕುಳಿತ.

“ಎಲ್ಲಯ್ಯಾ ನಿನ್ನ ಫ್ಲಾನೆಲ್ ಅಂಗಿ? ಬೇಸಿಗೆಯೆಲ್ಲ ಅದರ ಪುರಾಣ ಕೇಳಿ ಕೇಳಿ ನಮಗೆ ಬೆವರು ಇಳಿದಿತ್ತು” ಎಂದರು ರಾಯರು.

“ಮಲಗಿದೆ.”

“ಏನು?”

“ಒಗೆದಿದ್ದೇನೆ ರಾಯರೇ. ಹಗ್ಗಕ್ಕೆ ನೇತುಹಾಕಬಾರದು, ಜೋಲು ಬೀಳುತ್ತದೆ. ನೆರಳಿನಲ್ಲಿ ಟವೆಲ್ ಹಾಸಿ ಮಲಗಿಸಿದ್ದೇನೆ. ಇವತ್ತಿಗೆ ಎರಡು ದಿನ. ಆಗಾಗ ಮಗ್ಗುಲು ಬದಲಿಸುತ್ತಿರಬೇಕು.”

ಅಷ್ಟರಲ್ಲಿ ಅವನ ಎದೆಯ ಜೇಬಿನಲ್ಲಿ ಮೊಬೈಲ್ ಅಲಾರಾಂ ಕಿರುಚಿತು. ಸುಬ್ಬಣ್ಣ ತಟಕ್ಕನೆ ಎದ್ದು ನಿಂತು ಮನೆಗೆ ಫೋನ್ ಹಚ್ಚಿದ. “ಹ್ಞೂಂ, ಹೊತ್ತಾಯಿತು, ತಿರುಗಿಸು. ಮೆಲ್ಲಗೆ. ಕಾಲರ್ ಹಿಡಿದು ಎತ್ತಬೇಡ. ಬೆನ್ನಿಗೆ ಕೈ ಕೊಟ್ಟು ಎತ್ತು.”

ಅವನು ಫೋನ್ ಇಡುವವರೆಗೆ ಕಾದು ರಾಯರು ದನಿ ತಗ್ಗಿಸಿ ಕೇಳಿದರು: “ಈಗ ಹೇಗಿದೆಯಂತೆ? ಗುರುತು ಹಿಡಿಯುತ್ತಿದೆಯೇ?”

ಗೋಪಿ ಕಿಸಕ್ಕನೆ ನಕ್ಕ. ಸುಬ್ಬಣ್ಣನಿಗೆ ಸಿಟ್ಟು ಬಂತು. “ನಗಬೇಡಿ. ಅದು ಅಂತಿಂಥ ಬಟ್ಟೆಯಲ್ಲ. ಚದರ ಮೀಟರಿಗೆ 270 ಗ್ರಾಮ್. ಔನ್ಸ್ ಲೆಕ್ಕದಲ್ಲಿ ಚದರ ಗಜಕ್ಕೆ 8. ಗೋಪಿಯದು 150 ಇದ್ದರೆ ಹೆಚ್ಚು.”

“ಸರಿ, ತೂಕ ಗೊತ್ತಾಯಿತು. ಜ್ವರ?”

“ಒಗೆಯುವ ನೀರು 30 ಡಿಗ್ರಿ ದಾಟಬಾರದು. ಅಂಗಿಯ ಚೀಟಿಯಲ್ಲಿ ತೊಟ್ಟಿಯ ಚಿತ್ರದೊಳಗೆ ಒಂದೇ ಚುಕ್ಕೆ ಇದೆ. ಒಂದು ಚುಕ್ಕೆಯೆಂದರೆ 30, ಎರಡಾದರೆ 40. ತ್ರಿಕೋನಕ್ಕೆ ಕಾಟು ಹೊಡೆದಿದ್ದಾರೆ, ಅಂದರೆ ಬ್ಲೀಚ್ ಕೂಡದು.”

“ವೈದ್ಯರ ಬರಹವೇ ಸೈ. ಬರೆದವರಿಗೆ ಮತ್ತು ಅಂಗಡಿಯವರಿಗೆ ಬಿಟ್ಟು ಮೂರನೆಯವರಿಗೆ ಅರ್ಥವಾಗಬಾರದು.”

ಗೋಪಿ ತನ್ನ ಎದೆ ಮುಟ್ಟಿ ತೋರಿಸಿದ. “ನನ್ನದೂ ಫ್ಲಾನೆಲ್ಲೇ ಅಲ್ಲವೇ? ಕೆಂಪು ಕಪ್ಪು ಚೌಕಳಿ ಇದೆಯಲ್ಲ.”

ಅದುವರೆಗೆ ಸುಮ್ಮನಿದ್ದ ಲಲಿತಮ್ಮನವರು ಕನ್ನಡಕ ಏರಿಸಿದರು. ಇನ್ನು ಪಾಠ ತಪ್ಪಿದ್ದಲ್ಲ. “ಚೌಕಳಿ ಬರೀ ವಿನ್ಯಾಸ ಕಣಪ್ಪ. ಅದು ರೇಷ್ಮೆಯ ಮೇಲೂ ಇರಬಹುದು, ಪ್ಲಾಸ್ಟಿಕ್ ಹಾಸಿನ ಮೇಲೂ ಇರಬಹುದು. ಫ್ಲಾನೆಲ್ ಎನ್ನುವುದು ಕೈಗೆ ತಿಳಿಯಬೇಕಾದ ಸಂಗತಿ. ನೇಯ್ದ ಬಟ್ಟೆಯ ಮೇಲೆ ತಂತಿಯ ಹಲ್ಲುಗಳಿರುವ ಉರುಳೆ ಓಡಿಸಿ ನೂಲಿನ ಎಳೆಗಳನ್ನು ಕೆದರಿ ಎಬ್ಬಿಸುತ್ತಾರೆ. ಆ ನವಿರು ಜೂಲಿನ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಯಂತ್ರ ಬರುವ ಮೊದಲು ಒಣಗಿದ ಮುಳ್ಳುಗಿಡದ ತಲೆಗಳನ್ನು ಚೌಕಟ್ಟಿಗೆ ಸಿಕ್ಕಿಸಿ ಬಟ್ಟೆಯನ್ನು ಪರಚುತ್ತಿದ್ದರು. ವೇಲ್ಸ್ ದೇಶದ ಕುರಿ ಉಣ್ಣೆಯಿಂದ ಶುರುವಾದದ್ದು ಅದು. ಹೆಸರೂ ಅವರ ಭಾಷೆಯಲ್ಲಿ ಉಣ್ಣೆಗಿರುವ ‘ಗ್ವ್ಲಾನ್’ ಎಂಬ ಮಾತಿನಿಂದಲೇ ಬಂದಿರಬೇಕು ಎನ್ನುತ್ತಾರೆ. ಹತ್ತಿ ಸೇರಿಕೊಂಡದ್ದು ಆಮೇಲೆ.”

“ಅಂದರೆ ಮುಳ್ಳಿನಿಂದ ಮೈಯೆಲ್ಲ ಪರಚಿಸಿಕೊಂಡು ಹುಟ್ಟಿದ ಬಟ್ಟೆ” ಎಂದರು ರಾಯರು. “ಈಗ ಸುಬ್ಬಣ್ಣನ ಮನೆಯಲ್ಲಿ ಬೆರಳು ತಾಗಿದರೆ ನರಳುತ್ತದೆ.”

“ಯಾರು ಉಟ್ಟಿದ್ದರು ಎನ್ನುವುದನ್ನೂ ನೋಡಿ” ಎಂದರು ಲಲಿತಮ್ಮ. “ವೇಲ್ಸ್‌ನ ಗಣಿಯಲ್ಲಿ ಕಲ್ಲಿದ್ದಲು ಅಗೆಯುವವರು. ಅಮೆರಿಕದ ಕಾಡಿನಲ್ಲಿ ಮರ ಕಡಿಯುವವರು. 1990ರ ಸುಮಾರಿಗೆ ಸಿಯಾಟಲ್‌ನ ಹಾಡುಗಾರ ಹುಡುಗರು ಯಾರೋ ಹಾಕಿ ಬಿಟ್ಟ ಹಳೆಯ ಫ್ಲಾನೆಲ್ ಅಂಗಿಗಳನ್ನೇ ತೊಟ್ಟು ವೇದಿಕೆ ಹತ್ತಿದರು. ಅಗ್ಗವೆಂದು ತೊಟ್ಟದ್ದು. ಅದನ್ನು ನೋಡಿದ ಫ್ಯಾಷನ್ ಲೋಕ ಅಂಥದನ್ನೇ ಹೊಸದಾಗಿ ಹೊಲಿದು ದುಬಾರಿ ಬೆಲೆಗೆ ಮಾರಿತು.”

“ಮರ ಕಡಿಯುವವನು ಸಂಜೆ ಮನೆಗೆ ಹೋಗಿ ಅಂಗಿಯ ಮಗ್ಗುಲು ಬದಲಿಸುತ್ತಿದ್ದನೇ ಕೇಳು ಸುಬ್ಬಣ್ಣ.”

ಸುಬ್ಬಣ್ಣ ಸೋಲುವ ಆಸಾಮಿಯಲ್ಲ. “ನೀವು ಏನೇ ಅನ್ನಿ, ಒಳ್ಳೆಯ ಅಂಗಿಗೆ ಲಕ್ಷಣಗಳಿವೆ. ನನ್ನದರಲ್ಲಿ ನೂಲಿಗೇ ಬಣ್ಣ ಹಾಕಿ ನೇಯ್ದಿದ್ದಾರೆ. ಒಳಮೈ ತಿರುಗಿಸಿ ನೋಡಿ, ಗೆರೆ ಹೊರಗಿದ್ದಷ್ಟೇ ಸ್ಪಷ್ಟ. ಅಚ್ಚು ಹೊಡೆದದ್ದಾದರೆ ಒಳಗೆ ಮಸುಕು. ಜೇಬಿನ ಚೌಕಳಿಯೂ ಎದೆಯ ಚೌಕಳಿಯೂ ಒಂದಕ್ಕೊಂದು ಕೂಡುತ್ತವೆ. ಜೇಬು ಎಲ್ಲಿದೆಯೆಂದು ಹುಡುಕಬೇಕು.”

“ಹುಡುಕಿದರೂ ಅದರಲ್ಲಿ ಏನೂ ಇರುವುದಿಲ್ಲ. ಎಲ್ಲ ಅಂಗಡಿಯವನಿಗೆ ಕೊಟ್ಟಾಗಿದೆ.”

“ಬಣ್ಣ ನಿಲ್ಲಲಿ ಎಂದು ಮೊದಲ ಒಗೆತಕ್ಕೆ ವಿನೆಗರ್‌ನಲ್ಲಿ ನೆನೆಸಿದ್ದೆ.”

“ನಾನು ಉಪ್ಪು ಹಾಕಿದ್ದೆ” ಎಂದ ಗೋಪಿ.

ಲಲಿತಮ್ಮ ಹಣೆ ಚಚ್ಚಿಕೊಂಡರು. “ಉಪ್ಪು ಬೇಕಾಗುವುದು ಕಾರ್ಖಾನೆಯಲ್ಲಿ, ಬಣ್ಣ ಹಾಕುವಾಗ. ನೂಲಿಗೆ ಕಚ್ಚಿಕೊಂಡ ಬಣ್ಣ ಹೇಗೂ ಇರುತ್ತದೆ, ಕಚ್ಚಿಕೊಳ್ಳದ್ದು ನಿಮ್ಮ ಬಕೆಟ್ಟಿನಲ್ಲಿ ಉಪ್ಪು ಸುರಿದರೂ ಹೋಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.”

ಗೋಪಿಯ ಅಂಗಿ ಬಿಸಿನೀರಿಗೂ ಬಿಸಿಗಾಳಿಯ ಡ್ರೈಯರ್‌ಗೂ ಬಿದ್ದು ಕುಗ್ಗಿ, ಈಗ ಅವನು ಕೈ ಎತ್ತಿದರೆ ಹೊಟ್ಟೆ ಕಾಣುತ್ತದೆ. ಆ ವಿಷಯವನ್ನು ಯಾರೂ ಎತ್ತಲಿಲ್ಲ. ಅವನು ಕೈಯನ್ನೂ ಎತ್ತಲಿಲ್ಲ.

“ಸಾಫ್ಟ್‌ನರ್ ಹಾಕುವುದಿಲ್ಲ ತಾನೇ?” ಲಲಿತಮ್ಮ ಸುಬ್ಬಣ್ಣನನ್ನು ಕೇಳಿದರು.

“ಛೆ! ಎಳೆಗಳ ಮೇಲೆ ಮೇಣದಂತೆ ಪದರ ಕಟ್ಟುತ್ತದೆ. ನಯವಾದಂತೆ ತೋರಿದರೂ ಬಟ್ಟೆ ನೀರು ಹೀರುವುದಿಲ್ಲ. ಜೂಲಿರುವ ಬಟ್ಟೆಗೆ ಮೊದಲೇ ಬೆಂಕಿ ಬೇಗ ಹತ್ತುತ್ತದೆ, ಇದು ಸೇರಿದರೆ ಇನ್ನೂ ಬೇಗ. ನಾನು ಗುಂಡಿಯೆಲ್ಲ ಹಾಕಿ, ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಸೌಮ್ಯವಾದ ಸೋಪಿನಿಂದ ಒಗೆಯುತ್ತೇನೆ. ಹಿಂಡುವುದಿಲ್ಲ, ಒತ್ತುತ್ತೇನೆ. ಉಜ್ಜಿದ ಕಡೆ ಎಳೆ ಎದ್ದು ಉಂಡೆ ಕಟ್ಟಿದರೆ ರಾತ್ರಿ ಮಲಗುವ ಮುನ್ನ ಯಂತ್ರದಿಂದ ತೆಗೆಯುತ್ತೇನೆ.”

“ದಿನಾ?”

“ದಿನಾ.”

ರಾಯರು ಅವನ ಗಲ್ಲವನ್ನೇ ನೋಡಿದರು. “ನಿನ್ನ ಗಡ್ಡಕ್ಕೆ ಕತ್ತಿ ಸೋಕಿ ನಾಲ್ಕು ದಿನವಾಗಿದೆ. ಅಂಗಿಗೆ ಮಾತ್ರ ನಿತ್ಯ ಕ್ಷೌರ.”

“ಅತಿಯಾಗಿ ಬೋಳಿಸಿದರೆ ಬಟ್ಟೆಯೇ ಸವೆಯುತ್ತದೆ” ಎಂದರು ಲಲಿತಮ್ಮ. “ಬರೀ ಹತ್ತಿಯಾದರೆ ಉಂಡೆಗಳು ಕ್ರಮೇಣ ತಾವಾಗಿ ಉದುರುತ್ತವೆ. ಪಾಲಿಯೆಸ್ಟರ್ ಬೆರೆತಿದ್ದರೆ ಅದರ ಗಟ್ಟಿ ಎಳೆ ಹಿಡಿದುಕೊಂಡೇ ಇರುತ್ತದೆ. ನಿಮ್ಮದು ಯಾವುದು?”

“ನೂರಕ್ಕೆ ನೂರು ಹತ್ತಿ!” ಸುಬ್ಬಣ್ಣ ಎದೆಯುಬ್ಬಿಸಿದ. ಎದೆ ಚಳಿಗೆ ಮತ್ತೆ ಕುಗ್ಗಿತು.

“ಹತ್ತಿಯೇ? ಮತ್ತೆ ಟವೆಲ್ ಮೇಲೆ ಯಾಕೆ ಮಲಗಿಸಿದಿರಿ? ಅದು ಉಣ್ಣೆಯ ಫ್ಲಾನೆಲ್ಲಿಗೆ ಹೇಳಿದ್ದು. ಹತ್ತಿಯದನ್ನು ಕೊಡವಿ ನೆರಳಿನಲ್ಲಿ ಹಗ್ಗಕ್ಕೆ ಹಾಕಿದರೆ ಧಾರಾಳವಾಗಿ ಒಣಗುತ್ತದೆ.”

ಬೆಂಚಿನ ಮೇಲೆ ಮೌನ ಕವಿಯಿತು. ರಾಯರೇ ಅದನ್ನು ಮುರಿದರು. “ಎರಡು ದಿನದಿಂದ ಪಕ್ಕದ ಹಾಸಿಗೆಯವನ ಚೀಟಿ ಓದಿ ಔಷಧಿ ಕೊಟ್ಟಿದ್ದೀಯ. ರೋಗಿಗೆ ರೋಗವೇ ಇಲ್ಲ. ಮೈ ನಡುಗುತ್ತಿರುವುದು ವೈದ್ಯನಿಗೆ.”

ಸುಬ್ಬಣ್ಣ ನಿಜವಾಗಿಯೂ ನಡುಗುತ್ತಿದ್ದ. ರಾಯರು ಎದ್ದು, ಸ್ವೆಟರಿನ ಮೇಲೆ ಕೋಟಿನಂತೆ ತೊಟ್ಟಿದ್ದ ತಮ್ಮ ಹಳೆಯ ಫ್ಲಾನೆಲ್ ಅಂಗಿಯನ್ನು ಬಿಚ್ಚಿ ಅವನ ಮೇಲೆ ಎಸೆದರು. ಯಾವ ಕಾಲದ್ದೋ. ನೀಲಿಯೋ ಬೂದಿಯೋ ಅದಕ್ಕೇ ಮರೆತಿತ್ತು. ಸುಬ್ಬಣ್ಣ ತೋಳು ತೂರಿಸಿ ಕತ್ತಿನವರೆಗೆ ಗುಂಡಿ ಹಾಕಿಕೊಂಡ. ನಡುಕ ನಿಂತದ್ದೇ ತಡ, ಚಾಳಿ ತಲೆಯೆತ್ತಿತು.

“ಜೇಬಿನ ಗೆರೆ ಕೂಡಿಲ್ಲ ರಾಯರೇ. ಕಾಜದ ದಾರ ಬಿಟ್ಟಿದೆ. ಇದನ್ನು ಕಲ್ಲಿಗೆ ಬಡಿದೇ ಒಗೆದಿದ್ದೀರಿ.” ಬೆರಳುಗಳು ಎಡ ಹೆಗಲಿನ ಮೇಲೆ ನಿಂತವು. “ಇಲ್ಲಿ ನೋಡಿ, ಅಂಗೈಯಗಲ ಜೂಲೇ ಇಲ್ಲ. ಬಲ ಹೆಗಲು ನೆಟ್ಟಗಿದೆ. ಹಾಸೂ ಹೊಕ್ಕೂ ಎಣಿಸುವಂತೆ ಕಾಣುತ್ತಿದೆ. ಇದು ತಯಾರಿಕೆಯ ದೋಷ. ಆಗಲೇ ಅಂಗಡಿಗೆ ಹಿಂದಿರುಗಿಸಬೇಕಾಗಿತ್ತು.”

“ದೋಷವಲ್ಲ” ಎಂದರು ರಾಯರು. “ಮಗಳು. ಒಂದೂವರೆ ವರ್ಷದವಳಿದ್ದಾಗ ಹಾಸಿಗೆಗೆ ಹಾಕಿದರೆ ಅಳುತ್ತಿದ್ದಳು, ಹೆಗಲ ಮೇಲಾದರೆ ನಿದ್ದೆ. ಅದೂ ಎಡ ಹೆಗಲೇ ಆಗಬೇಕು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬೆಳಗ್ಗೆ ಎದ್ದು ಅದೊಂದು ಜಾಗಕ್ಕೆ ಸೋಪು ಹಚ್ಚಿ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಮತ್ತೆ ರಾತ್ರಿ ಅದೇ.”

“ಬಿಸಿನೀರಿನಲ್ಲೇ?” ಸುಬ್ಬಣ್ಣನ ದನಿ ಸಣ್ಣದಾಗಿತ್ತು.

“ಯಾವುದು ಸಿಕ್ಕಿತೋ ಅದರಲ್ಲಿ. ಆಗ ಚುಕ್ಕೆ ಎಣಿಸುವುದಕ್ಕೆ ಯಾರಿಗೆ ಪುರುಸೊತ್ತಿತ್ತು? ಈಗ ಅವಳು ನನಗಿಂತ ಎರಡು ಬೆರಳು ಎತ್ತರ. ಭಾನುವಾರ ಫೋನ್ ಮಾಡುತ್ತಾಳೆ, ನೆನಪಿದ್ದರೆ.”

ಗೋಪಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಲಲಿತಮ್ಮ ಕನ್ನಡಕ ಒರೆಸಿಕೊಳ್ಳತೊಡಗಿದರು. ಸುಬ್ಬಣ್ಣನ ಅಂಗೈ ಆ ಬೋಳು ಹೆಗಲ ಮೇಲೆಯೇ ಇತ್ತು.

ಆಗ ಅಲಾರಾಂ ಮತ್ತೆ ಹೊಡೆದುಕೊಂಡಿತು. ಮೊಬೈಲ್ ಇದ್ದದ್ದು ಒಳಗಿನ ಅಂಗಿಯ ಜೇಬಿನಲ್ಲಿ. ಫ್ಲಾನೆಲ್ಲಿನ ಅಡಿಯಿಂದ ದನಿ ಹೊದಿಕೆಯೊಳಗಿನಿಂದ ಬಂದಂತೆ ಕೇಳಿಸುತ್ತಿತ್ತು. ತೆಗೆಯಬೇಕೆಂದರೆ ಗುಂಡಿಯೆಲ್ಲ ಬಿಚ್ಚಬೇಕು.

“ನಿಮ್ಮ ರೋಗಿ ಕರೆಯುತ್ತಿದೆ” ಎಂದ ಗೋಪಿ.

“ಅತ್ತು ಅತ್ತು ತಾನೇ ಮಲಗುತ್ತದೆ, ಬಿಡು” ಎಂದ ಸುಬ್ಬಣ್ಣ.